ಬೊಂಬೆಯ ಒಪ್ಪಿಗೆ

ಮೊದಲ ಸಲ ನಾನು ಫೇಲಾದದ್ದು
ಒಂದು ಪ್ಲಾಸ್ಟಿಕ್ ಬೊಂಬೆಯ ಮುಂದೆ.

ಇಂಗ್ಲೆಂಡಿಗೆ ಬಂದು ಏಳನೆಯ ವಾರ.
ಊರಾಚೆಯ ಪರೀಕ್ಷಾ ಕೇಂದ್ರ, ಸಾಲು ಮಂಚ,
ಮಂಚಕ್ಕೊಂದು ಬೊಂಬೆ, ಬೊಂಬೆಗೊಬ್ಬರು
ತುಟಿ ಬಿಗಿದು ಗುರುತು ಹಾಕುವವರು.
ಕೈ ತೊಳೆದೆ. ನಾಡಿ ಹಿಡಿದೆ
(ಬೊಂಬೆಗೆಲ್ಲಿಯ ನಾಡಿ,
ಅಂಕಿ ಕಾಗದದಲ್ಲಿರುತ್ತದೆ, ಓದಿಕೊಳ್ಳಬೇಕು).
ಗಾಯದ ಪಟ್ಟಿ ಬದಲಿಸಿದೆ ಅಚ್ಚುಕಟ್ಟಾಗಿ,
ಬಾಯಿ ಮುಚ್ಚಿಕೊಂಡು.

ಅದೇ ತಪ್ಪು.
ಹೆಸರು ಹೇಳಲಿಲ್ಲ, ಎಂದಿತ್ತು ಪತ್ರದಲ್ಲಿ,
ನೋವಿದೆಯೇ ಎಂದು ವಿಚಾರಿಸಲಿಲ್ಲ,
ಮುಟ್ಟುವ ಮುನ್ನ ಒಪ್ಪಿಗೆ ಪಡೆಯಲಿಲ್ಲ.

ಹದಿನಾಲ್ಕು ವರ್ಷ ಮುಟಾರೆಯಲ್ಲಿ ಸಿಸ್ಟರಾಗಿದ್ದವಳು ನಾನು.
ಕರೆಂಟು ಹೋದ ರಾತ್ರಿ
ಫೋನಿನ ಟಾರ್ಚು ಹಲ್ಲಲ್ಲಿ ಕಚ್ಚಿ
ಅವಳಿ ಮಕ್ಕಳನ್ನು ಹೊರಗೆ ತಂದವಳು.
ಬಾಯಿ ತುಂಬ ಬೆಳಕಿರುವಾಗ
ಮಾತೆಲ್ಲಿಂದ ಬರಬೇಕು?
ತೊಳೆದ ಕೈಗವಸು ತಂತಿಗೆ ನೇತುಹಾಕಿ
ಮಾರನೆಗೆ ಅದನ್ನೇ ತೊಟ್ಟವಳು.
ಇದನ್ನೆಲ್ಲ ಬರೆಯಲು
ಅರ್ಜಿಯಲ್ಲಿ ಜಾಗ ಕೊಟ್ಟಿದ್ದರು, ಎರಡಿಂಚು.

ಎರಡನೆಯ ಶುಲ್ಕಕ್ಕೆ ಅಕ್ಕ ಮೇವಿಸ್
ಕೋಳಿ ಮಾರುತ್ತಿದ್ದ ಫ್ರೀಜರನ್ನೇ ಮಾರಿದಳು.
'ಕರೆಂಟಿಲ್ಲದ ಊರಲ್ಲಿ ಅದೂ ಒಂದು ಬೀರುವೇ ತಾನೆ,'
ಎಂದು ನಕ್ಕಳು. ನಾನೂ ನಕ್ಕೆ.
ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು
ಸಿಗ್ನಲ್ ಸರಿಯಿಲ್ಲ ಎಂದುಕೊಂಡೆವು.

ಗ್ರಿಮ್ಸ್‌ಬಿಯ ಬಾಡಿಗೆ ಕೋಣೆ. ಸ್ವೆಟರ್ ತೊಡಿಸಿದ ದಿಂಬು.
'ನಮಸ್ಕಾರ, ನಾನು ನ್ಯಾರಾಡ್ಜೊ, ನಿಮ್ಮ ನರ್ಸು.
ನಿಮ್ಮನ್ನು ಏನೆಂದು ಕರೆಯಲಿ?'
ಪಕ್ಕದ ಕೋಣೆಯ ಅಫುವಾ ಗೋಡೆ ಬಡಿಯುವಳು:
'ದಿಂಬು ಅಂತ ಕರಿ, ಮಲಗು!'

ಭಾನುವಾರ ಫೋನಿನಲ್ಲಿ ಮಗಳು ರುಫಾರೊ, ಒಂಬತ್ತು ವರ್ಷ:
'ನಾನಾಗಲಾ ಬೊಂಬೆ?'
ಚಾಪೆಯ ಮೇಲೆ ಸೆಟೆದು ಮಲಗಿದಳು, ಕಣ್ಮುಚ್ಚಿ.
ಫೋನು ಹಿಡಿದ ಮೇವಿಸಳ ಹೆಬ್ಬೆರಳು
ಅರ್ಧ ಪರದೆಗೆ ಅಡ್ಡ.
ಹೆಸರು ಹೇಳಿದೆ. ಮಾಡುವುದನ್ನೆಲ್ಲ ವಿವರಿಸಿದೆ.
'ನೋವಿದೆಯೇ?'
ಇಲ್ಲ, ಹೌದು, ಏನೂ ಇಲ್ಲ.
'ನಿಮ್ಮ ಒಪ್ಪಿಗೆ ಇದೆಯೇ?'
ರೆಪ್ಪೆ ಮಾತ್ರ ಅದುರಿತು.
'ರುಫಾರೊ, ಉತ್ತರ ಕೊಡೇ.'
'ಬೊಂಬೆ ಮಾತಾಡಲ್ಲ ಅಂತ ನೀನೇ ಹೇಳಿದ್ದು.'

ಪಾಸಾದೆ. ಅಂಕಿ ಅಕ್ಷರ ಬೆರೆತ
ಒಂದು ನಂಬರು ಬಂತು, ನನಗೆಂದೇ.
ವಾರ್ಡಿನಲ್ಲಿ ಎಲ್ಲರಿಗೂ ನಾನು 'ಲವ್'.
ವಿಲ್ಫ್ರೆಡ್ ಸ್ಟಾದರ್ಡ್ ಒಬ್ಬರೇ
ನನ್ನ ಬ್ಯಾಡ್ಜನ್ನು ಕೂಡಿಸಿ ಕೂಡಿಸಿ ಓದಿದವರು.
ಮೀನಿನ ಹಡಗಿನ ರಾಟೆಗೆ ಎರಡು ಬೆರಳು ಕೊಟ್ಟ ಮುದುಕ.
'ಅರ್ಥವೇನಮ್ಮ?'
'ಸಾಂತ್ವನ.'
'ಹಾಗಾದರೆ ಒಂದು ಚಹಾ ತಾ,' ಎಂದರು.

ಫೆಬ್ರವರಿಯ ಒಂದು ರಾತ್ರಿ, ನಾಲ್ಕಕ್ಕೆ ಹತ್ತು ನಿಮಿಷ.
ಮೊರೀನ್ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಳು,
ಇಲ್ಲಿನವರ ಪದ್ಧತಿ. ಉಪ್ಪಿನ ಗಾಳಿ ಬಂತು.
ಬೆಚ್ಚನೆ ನೀರು, ಎರಡು ಟವೆಲು.
ಯಾರೂ ಗುರುತು ಹಾಕುವವರಿರಲಿಲ್ಲ.
ಆದರೂ ಬಾಯಿ ತಾನಾಗಿ ತೆರೆಯಿತು:
'ವಿಲ್ಫ್ರೆಡ್, ನಾನು, ನ್ಯಾರಾಡ್ಜೊ.
ಮುಖ ಒರೆಸುತ್ತೇನೆ.
ಈಗ ನಿಮ್ಮ ಕೈ, ಮೂರು ಬೆರಳಿನದು.
ಎಡಕ್ಕೆ ಹೊರಳಿಸಲೇ, ಆಗಬಹುದೇ?'
ಮೊರೀನ್ ಹಾಸಿಗೆಯ ಆ ಬದಿಯಲ್ಲಿ
ಟವೆಲು ಹಿಡಿದು ನಿಂತಳು.
ಇಬ್ಬರೂ ಕಾದೆವು,
ಒಬ್ಬ ಮನುಷ್ಯ ಹೂಂ ಅನ್ನಲು ಬೇಕಾದಷ್ಟು ಹೊತ್ತು.

ನಾಲ್ಕೂವರೆಗೆ ಬಿಡುವು.
ಬಟ್ಟೆಯ ಕೋಣೆಯಲ್ಲಿ, ಮಡಿಸಿದ ಹಾಳೆಗಳ ನಡುವೆ ಕೂತು
ಮುಟಾರೆಗೆ ಫೋನು ಹಚ್ಚಿದೆ. ಅಲ್ಲಾಗಲೇ ಬೆಳಗು,
ಶಾಲೆಯ ಅವಸರ.
'ನಮಸ್ಕಾರ,' ಎಂದೆ, 'ನಾನು ನ್ಯಾರಾಡ್ಜೊ.'
ಬರುವ ಮುನ್ನ ಕೇಳಬೇಕಿದ್ದುದನ್ನು
ಒಂದೂವರೆ ವರ್ಷ ತಡವಾಗಿ ಕೇಳಿದೆ.

ರುಫಾರೊ ಹಲ್ಲುಜ್ಜುತ್ತಿದ್ದಳು.
ಬಾಯಿ ತುಂಬ ನೊರೆ.
ಒಂದು ಬೆರಳೆತ್ತಿ ತೋರಿಸಿದಳು:
ತಾಳು.